ಗುಂಡುಮರಿಯ ಸಪ್ಪೆ ಮುಖ

ಬ್ರಷ್ಷು ಒಣಗಿತ್ತು. ಬಚ್ಚಲುಮನೆಯ ಗೂಡಿನಲ್ಲಿದ್ದ ಲೋಟದಿಂದ ತನ್ನ ಬ್ರಷ್ಷನ್ನು ಎತ್ತಿಕೊಳ್ಳಲು ಹೋದವಳ ಬೆರಳು ಮಗಳ ಬ್ರಷ್ಷಿಗೆ ತಾಗಿದಾಗ ಅವಳು ಅಷ್ಟಕ್ಕೇ ಬಿಟ್ಟಿದ್ದರೆ ಬೆಳಗು ದಿನದಂತೆಯೇ ಸಾಗಿಹೋಗುತ್ತಿತ್ತು. ಆದರೆ ಕೈ ಸುಮ್ಮನಿರಬೇಕಲ್ಲ! ಅದು ಇನ್ನೊಮ್ಮೆ ಮುಟ್ಟಿತು, ಎಳೆಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿತು. ಗರಿಗರಿ. ಇವತ್ತಿನ ನೀರಂತೂ ಇಲ್ಲವೇ ಇಲ್ಲ, ನಿನ್ನೆಯದೂ ಇದ್ದ ಹಾಗೆ ಕಾಣಲಿಲ್ಲ. ಅದೇ ಹೊತ್ತಿಗೆ ಆಚೆ ಹಾಲಿನಲ್ಲಿ ಫೋನು ಹಾಡಿತು. ಗುಂಡುಮರಿ ಕುಣಿಯುವಾಗ ಬರುವ ಹಾಡು, 'ಹಲ್ಲುಜ್ಜಿ ಆಯ್ತು, ಶಭಾಷ್ ಶಭಾಷ್' ಎಂಬ ಆ ಕೀರಲು ದನಿ. ಆ ಹಾಡು ಕೇಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಒಂದು ಹಿಗ್ಗು. ಏಕೆಂದರೆ ಗುಂಡುಮರಿ ಅವಳ ಕೈಯ ಕೂಸು. ನಾಯಿಮರಿಯೂ ಅಲ್ಲದ, ಕರಡಿಮರಿಯೂ ಅಲ್ಲದ, ಯಾವ ತಾಯಿಯೂ ಹೆರದ ಆ ಪ್ರಾಣಿಯ ಕಿವಿ, ಮೂತಿ, ಹೊಟ್ಟೆ ಎಲ್ಲವನ್ನೂ ಬರೆದವಳು ಅವಳು. ಮಕ್ಕಳು ಏಳುವುದರಿಂದ ಮಲಗುವವರೆಗೆ ಏನೇನು ಮಾಡಬೇಕೋ ಅದನ್ನೆಲ್ಲ ಒಂದೊಂದೇ ಚಿತ್ರವಾಗಿ ತೋರಿಸಿ ಮಾಡಿಸುವ ಆ್ಯಪ್ ಒಂದನ್ನು ಅವಳ ಆಫೀಸಿನವರು ಕಟ್ಟುತ್ತಿದ್ದರು. ಹಲ್ಲುಜ್ಜಿ ಒತ್ತಿದರೆ ಚಿತ್ರ ಹಸಿರಾಗುತ್ತದೆ, ಗುಂಡುಮರಿ ಕುಣಿಯುತ್ತದೆ. ಒತ್ತದೆ ಹೊತ್ತು ಮೀರಿದರೆ ಕುಣಿಯುವುದಿಲ್ಲ. ಮುಖ ಸಪ್ಪೆ ಮಾಡಿಕೊಂಡು ಕೂರುತ್ತದೆ. ಈಗ ನೋಡಿದರೆ ಒಣಗಿದ ಬ್ರಷ್ಷಿಗೆ ಅದು ಕುಣಿಯುತ್ತಿದೆ. ಅವಳು ಹಾಲಿಗೆ ಬಂದಳು.

ಮಗಳು ಚಿಣ್ಣಿ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಕೈಗೆ ಹಾಕಿಕೊಂಡು ಕುಳಿತಿದ್ದಳು. "ಹಲ್ಲುಜ್ಜಿದ್ಯಾ?" ಎಂದು ಕೇಳಿದ್ದಕ್ಕೆ "ಹೂಂ" ಎಂದಳು, ತಲೆ ಎತ್ತಲಿಲ್ಲ. ಆ 'ಹೂಂ'ನಲ್ಲಿ ಒಂದು ಅಳುಕಿಲ್ಲ, ತಡವರಿಕೆಯಿಲ್ಲ, ಯಾವುದೋ ಕಚೇರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಹೇಳುವ ಹಾಗಿತ್ತು. "ಎಲ್ಲಿ, ಈ ಅನ್ನು." ಮಗು ಚಂದವಾಗಿ ಈ ಎಂದಿತು. ಆ ವಯಸ್ಸಿನ ಹಲ್ಲು ಉಜ್ಜಿದರೂ ಹೊಳೆಯುತ್ತದೆ, ಉಜ್ಜದಿದ್ದರೂ ಹೊಳೆಯುತ್ತದೆ; ಅದರಿಂದ ಏನು ಗೊತ್ತಾಗಬೇಕು? ಬಾಯಿ ಮೂಸಿ ನೋಡೋಣವೆಂದು ಬಗ್ಗಿದವಳು ಛೀ ಎನ್ನಿಸಿ ನೆಟ್ಟಗಾದಳು. ಅಡುಗೆಮನೆಯಿಂದ ಅವಳ ಅಮ್ಮನ ದನಿ ಬಂತು, ಯಾರೂ ಕೇಳದೆಯೇ ಬಂತು. "ಉಜ್ಜಿದಾಳೆ ಕಣೆ, ನಾನೇ ನೋಡ್ದೆ." ಅವಳು ಸುಮ್ಮನಾದಳು. ಸುಮ್ಮನೆ ಎಂದರೆ ಬಾಯಿ ಮಾತ್ರ ಸುಮ್ಮನೆ. ಒಳಗೆ ಒಂದೇ ಮಾತು ಗಿರಕಿ ಹೊಡೆಯುತ್ತಿತ್ತು: ಇದು ಇವತ್ತೇ ಆಗಬೇಕಿತ್ತೇ? ಬೇರೆ ಯಾವ ದಿನ ಗೊತ್ತಾಗಿದ್ದರೂ ಕಿವಿ ಹಿಂಡಿಯೋ ಮುದ್ದು ಮಾಡಿಯೋ ಸರಿ ಮಾಡಬಹುದಿತ್ತು. ಇವತ್ತು ಮಧ್ಯಾಹ್ನ ಹಲವಾರು ಶಾಲೆಗಳನ್ನು ನಡೆಸುವ ಸಂಸ್ಥೆಯವರು ಆ್ಯಪ್ ನೋಡಲು ಬರುವವರಿದ್ದರು. ಅವರ ಮುಂದೆ ದೊಡ್ಡ ಪರದೆಯ ಮೇಲೆ ತೋರಿಸುವುದು ಬೇರೆ ಯಾರ ದಿನಚರಿಯನ್ನೂ ಅಲ್ಲ, ಚಿಣ್ಣಿಯದನ್ನೇ. ಒಂದೂ ತಪ್ಪಿಲ್ಲದೆ, ವಾರಗಟ್ಟಲೆ, ಸಾಲು ಸಾಲು ಹಸಿರು. ಅದು ಆದ ಮೇಲೆ ತಾಯಿಯಾಗಿ ಅವಳು ಎರಡು ಮಾತಾಡಬೇಕು.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಸಿಕ್ಕರೇನು, ಹೊರಗಿನದ್ದೇನೂ ಕಾಣಲಿಲ್ಲ. ಸುಳ್ಳು ಹೇಳುವ ಮಗು ಎಂಬ ಮಾತು ತಲೆಗೆ ಬಂದು, ಅದು ತನ್ನ ಮಗುವಿಗೆ ಸಂಬಂಧಪಟ್ಟ ಮಾತೆಂದು ಗೊತ್ತಾಗಿ, ಮತ್ತೆ ಮತ್ತೆ ಮುಖ ಬಿಸಿಯಾಗುತ್ತಿತ್ತು. ಯಾರಿಂದ ಕಲಿತಳು? ಗಂಡ ಲಿಫ್ಟು ರಿಪೇರಿಯವನು, ಊರೂರು ತಿರುಗುವವನು, ಮನೆಯಲ್ಲಿ ಇರುವುದೇ ವಾರಕ್ಕೊಂದು ದಿನ. ಅವನಿಂದ ಕಲಿಯಲು ಮಗುವಿಗೆ ಪುರಸೊತ್ತೆಲ್ಲಿ? ಅಮ್ಮನೋ, ಸುಳ್ಳು ಹೇಳುವವಳೇ ಅಲ್ಲ. ಅಮ್ಮ ಬೈಯುವವಳೂ ಅಲ್ಲ, ಹೊಡೆಯುವವಳಂತೂ ಅಲ್ಲವೇ ಅಲ್ಲ. ಓದಿನ ಕಾಲದ ಗೆಳತಿಯರು ತಮ್ಮ ತಮ್ಮ ಮನೆಯ ಏಟಿನ ಕಥೆ ಹೇಳಿಕೊಂಡು ನಗುವಾಗ ಹೇಳಲು ಅವಳ ಹತ್ತಿರ ಏನೂ ಇರುತ್ತಿರಲಿಲ್ಲ. "ನಿಮ್ಮಮ್ಮ ದೇವತೆ ಬಿಡೆ" ಎನ್ನುತ್ತಿದ್ದರು. ಹೌದು, ದೇವತೆಯೇ. ದೇವತೆಯ ಮುಖ ಸಪ್ಪಗಾದರೆ ಏನಾಗುತ್ತದೆಂದು ಅವರಿಗೇನು ಗೊತ್ತು? ಅಮ್ಮ ಒಂದು ಸಲ ಅವಳಿಗೊಂದು ಫ್ರಾಕು ಹೊಲಿದಿದ್ದಳು, ನೀಲಿ ಬಣ್ಣದ್ದು, ಕುತ್ತಿಗೆಗೆ ಎತ್ತರದ ಕಾಲರು. ಹಾಕಿಕೊಂಡರೆ ಗಂಟಲ ಹತ್ತಿರ ಇರುವೆ ಹರಿದ ಹಾಗೆ ಕೆರೆತ. "ಚೆನ್ನಾಗಿದೆಯಾ?" ಎಂದು ಅಮ್ಮ ಬಾಯಲ್ಲಿ ದಾರ ಕಚ್ಚಿಕೊಂಡೇ ಕೇಳಿದಾಗ ಅವಳು ಕಾಲರಿನೊಳಗೆ ಬೆರಳು ಹಾಕಿದಳು, ಅಷ್ಟೇ, ಒಂದು ಮಾತೂ ಆಡಿರಲಿಲ್ಲ, ಅಷ್ಟಕ್ಕೇ ಅಮ್ಮನ ಕೆಳತುಟಿ ಒಂಚೂರು ಒಳಗೆ ಹೋಯಿತು, ಕಣ್ಣು ಅವಳ ಮುಖ ಬಿಟ್ಟು ಅವಳ ಪಾದದ ಹತ್ತಿರ ಎಲ್ಲೋ ನೆಟ್ಟಿತು. "ಚೆನ್ನಾಗಿದೆ ಅಮ್ಮ, ತುಂಬಾ ಚೆನ್ನಾಗಿದೆ!" ಎಂದು ಅವಳು ಹಾರಿ ಹಾರಿ ಹೇಳಿದಳು. ಎಷ್ಟು ಚೆನ್ನಾಗಿ ಹೇಳಿದಳೆಂದರೆ ಮರುವರ್ಷವೂ ಅದೇ ಕಾಲರು ಬಂತು, ಈ ಸಲ ಇನ್ನೂ ಎತ್ತರ. ಬಸ್ಸಿನಲ್ಲಿ ಕುಳಿತವಳ ಕೈ ತನಗೆ ತಾನೇ ಕುತ್ತಿಗೆಗೆ ಹೋಯಿತು. ಪಕ್ಕದ ಸೀಟಿನ ಹೆಂಗಸು ಒಂದು ಕ್ಷಣ ನೋಡಿ ಆಚೆ ಸರಿದು ಕುಳಿತಳು.

ನಲ್ಲಿ ಮತ್ತು ಟೈಲ್ಸ್ ಮಾರುವ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ಅವರ ಆಫೀಸು. ಯಜಮಾನನನ್ನು ಎಲ್ಲರೂ ಬೆನ್ನ ಹಿಂದೆ ದೊರೆ ಎನ್ನುತ್ತಿದ್ದರು, ಇಡೀ ಆಫೀಸಿನಲ್ಲಿ ಕೈಯಿರುವ ಕುರ್ಚಿ ಒಂದೇ ಇದ್ದು ಅದರಲ್ಲಿ ಅವನು ಕೂರುತ್ತಿದ್ದುದರಿಂದ. ಇವತ್ತು ದೊರೆ ಇಸ್ತ್ರಿಯ ಮಡಿಕೆ ಮಾಸದ ಅಂಗಿ ತೊಟ್ಟು ಪರದೆಯನ್ನು ತಾನೇ ಒರೆಸುತ್ತಿದ್ದ. "ಬನ್ನಿ ಬನ್ನಿ, ಹೀರೋಯಿನ್ ತಾಯಿ ಬಂದ್ರು!" ಎಂದ. ಆಮೇಲೆ ದನಿ ತಗ್ಗಿಸಿ, "ಎರಡೇ ಮಾತು, ಆಯ್ತಾ? ಜಾಸ್ತಿ ಬೇಡ. ಕೊನೇಲಿ ಒಂಚೂರು ಗಂಟಲು ಕಟ್ಟಿದ ಹಾಗೆ ಆದ್ರೆ ಇನ್ನೂ ಒಳ್ಳೇದು" ಎಂದ. ಅವಳು ಹೂಂ ಎಂದಳು. ಚಿಣ್ಣಿಯ 'ಹೂಂ' ಇದ್ದ ಹಾಗೇ ಇತ್ತು ಅದು, ಅಷ್ಟೇ ನಯ, ಅಷ್ಟೇ ಸಲೀಸು. "ಹಾಗೇ ಕೆಳಗಿನ ಅಂಗಡಿಯಿಂದ ಎರಡು ಕುರ್ಚಿ ಇಸ್ಕೊಂಡು ಬಂದುಬಿಡಿ" ಎಂದು ದೊರೆ ಸೇರಿಸಿದ. ಚಿತ್ರ ಬರೆಯುವವಳು ಕುರ್ಚಿ ಹೊತ್ತಳು. ಮೆಟ್ಟಿಲ ತಿರುವಿನಲ್ಲಿ ಕುರ್ಚಿಯ ಕಾಲು ಗೋಡೆಗೆ ತಾಗಿ ಸುಣ್ಣ ಉದುರಿತು. ಅದನ್ನು ಯಾರೂ ನೋಡಲಿಲ್ಲವೆಂದು ಅವಳಿಗೆ ಸಮಾಧಾನವಾಯಿತು, ಆಮೇಲೆ ಆ ಸಮಾಧಾನದ ಬಗ್ಗೆಯೇ ನಾಚಿಕೆಯಾಯಿತು.

ಅವಳ ಮೇಜಿನ ಮೇಲೆ ಒಂದು ಪುಟ್ಟ ಕನ್ನಡಿ. ಚಿತ್ರಗಳನ್ನು ಕುಣಿಸುವ ಕೆಲಸದವರು ಇಟ್ಟುಕೊಳ್ಳುವಂಥದು. ನಗುವ ಮುಖ ಬರೆಯಬೇಕಾದರೆ ಕನ್ನಡಿಯಲ್ಲಿ ತಾವೇ ನಕ್ಕು, ಕೆನ್ನೆ ಎಲ್ಲಿ ಏರಿತು ಹುಬ್ಬು ಎಲ್ಲಿ ಬಾಗಿತು ನೋಡಿಕೊಂಡು ಬರೆಯುತ್ತಾರೆ. ಹೊಸದರಲ್ಲಿ ಆಫೀಸಿನವರು ಅವಳು ಹಲ್ಲು ಕಿಸಿಯುವುದನ್ನೂ ಮೂತಿ ಊದಿಸುವುದನ್ನೂ ನೋಡಿ ಬಿದ್ದು ಬಿದ್ದು ನಕ್ಕಿದ್ದರು. ಮೊದಮೊದಲು ಗುಂಡುಮರಿಗೆ ಸಪ್ಪೆ ಮುಖ ಇರಲಿಲ್ಲ. ಕೆಲಸ ಮಾಡಿದರೆ ಕುಣಿಯುತ್ತಿತ್ತು, ಮಾಡದಿದ್ದರೆ ತೂಕಡಿಸುತ್ತಿತ್ತು. ಮಕ್ಕಳು ಸ್ವಲ್ಪ ದಿನ ಆಡಿ ಅದರ ಪಾಡಿಗೆ ಅದನ್ನು ಬಿಟ್ಟುಬಿಟ್ಟರು. "ಪಾಪ ಅನ್ನಿಸ್ಬೇಕು ರೀ ಮಕ್ಕಳಿಗೆ, ಪಾಪ ಅನ್ನಿಸ್ಬೇಕು!" ಎಂದು ದೊರೆ ಮೇಜು ಗುದ್ದಿದ್ದ. ದಪ್ಪ ದಪ್ಪ ಕಣ್ಣೀರ ಹನಿ ಹಾಕಿ ಬರೆದುಕೊಟ್ಟಳು, ಮಕ್ಕಳು ನಕ್ಕರು. ಆಮೇಲೊಂದು ಮಧ್ಯಾಹ್ನ, ತಲೆ ಕೆಟ್ಟು, ಕಣ್ಣೀರೆಲ್ಲ ಅಳಿಸಿ ಹಾಕಿ ಕನ್ನಡಿ ನೋಡುತ್ತ ಬರೆದಳು. ಕಿವಿ ಇಳಿಬಿದ್ದಿರಲಿ. ಕೆಳತುಟಿ ಒಂಚೂರು ಒಳಗೆ. ಕಣ್ಣು ಮಗುವಿನ ಕಡೆ ಬೇಡ, ಮಗುವಿನ ಕಾಲ ಹತ್ತಿರ ಎಲ್ಲೋ. ಮರುದಿನ ಆ್ಯಪಿನ ಪರೀಕ್ಷೆಗೆಂದು ಬಂದಿದ್ದ ಒಂದು ಮಗು ಆ ಮುಖ ನೋಡಿದ್ದೇ ತಡ, ಕೈಯಲ್ಲಿದ್ದ ಆಟದ ಕಾರು ಕೆಳಗಿಟ್ಟು ಮಾತಿಲ್ಲದೆ ಕೈ ತೊಳೆಯಲು ಹೋಯಿತು. ಇಡೀ ಆಫೀಸು ಚಪ್ಪಾಳೆ ತಟ್ಟಿತ್ತು. ಅವಳ ಜೀವಮಾನದಲ್ಲಿ ಅವಳಿಗೆಂದೇ ಬಿದ್ದ ಚಪ್ಪಾಳೆ ಅದೊಂದೇ. ಎಷ್ಟೋ ದಿನ ಸ್ನಾನ ಮಾಡುವಾಗ ಅದನ್ನು ನೆನೆಸಿಕೊಂಡು ಹಿಗ್ಗಿದ್ದಳು. ಈಗ ಆ ಮುಖವನ್ನು ತೆರೆದು, ಒಂದೊಂದೇ ಚಿತ್ರವಾಗಿ ನಿಧಾನಕ್ಕೆ ಓಡಿಸಿ ನೋಡಿದಳು. ತುಟಿ ಒಳಗೆ ಹೋಯಿತು. ಕಣ್ಣು ಇಳಿಯಿತು. ಅಯ್ಯೋ, ಇದು ಅಮ್ಮ! ಇಷ್ಟು ದಿನ ಹೇಗೆ ಕಾಣಲಿಲ್ಲ? ಊರಿನ ಮಕ್ಕಳ ಕೈಗೆಲ್ಲ ತಾನು ಕೊಡಲು ಹೊರಟದ್ದು ಅಮ್ಮನ ಸಪ್ಪೆ ಮುಖವನ್ನು. ತನ್ನ ಮಗಳ ಕೈಗೆ ಆಗಲೇ ಕೊಟ್ಟಾಗಿತ್ತು. ಆ ಮುಖ ನೋಡಿದ ಮಗು ಏನು ಮಾಡುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಲ್ಲುಜ್ಜುವುದಿಲ್ಲ. ಉಜ್ಜಿದೆ ಎನ್ನುತ್ತದೆ.

ಮೆಟ್ಟಿಲಿಗೆ ಬಂದು ಮನೆಗೆ ಫೋನು ಮಾಡಿದಳು. "ಅಮ್ಮ, ನಿಜ ಹೇಳು. ಚಿಣ್ಣಿ ದಿನಾ ಹಲ್ಲುಜ್ತಾಳಾ?"

"ಉಜ್ತಾಳಪ್ಪ. ಯಾಕೆ ಉಜ್ಜಲ್ಲ? ಚೆನ್ನಾಗೇ ಉಜ್ತಾಳೆ."

"ಅಮ್ಮ."

ಆ ಕಡೆ ನಲ್ಲಿಯ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ನಲ್ಲಿ ನಿಂತಿತು. "ಒಂದೊಂದು ದಿನ ಉಜ್ಜಲ್ಲ" ಎಂದಳು ಅಮ್ಮ. "ಸರಿ, ಸುಮಾರು ದಿನ ಉಜ್ಜಲ್ಲ, ಏನೀಗ? ಮಗು ನಿದ್ದೆಗಣ್ಣಲ್ಲಿ ಇರುತ್ತೆ. ನೀನು ಬರೆದಿದೀಯಲ್ಲ, ಆ ಪ್ರಾಣಿ, ಅದು ಮೂತಿ ಇಳಿಬಿಟ್ಕೊಂಡು ಕೂತುಬಿಡುತ್ತೆ. ಅದರ ಮುಖ ನೋಡಿ ಮಗು ಮುಖಾನೂ ಇಷ್ಟೇ ಇಷ್ಟಾಗುತ್ತೆ. ಪಾಪ ಅಂತ ಒತ್ತಿಬಿಡ್ತಾಳೆ. ಅವಳು ಮರೆತ್ರೆ ನಾನೇ ಒತ್ತಿಬಿಡ್ತೀನಿ."

"ನೀನಾ? ನೀನು ಯಾಕಮ್ಮ ಒತ್ತೋದು?"

"ನೋಡಕ್ಕಾಗಲ್ಲ ಕಣೆ ಅದನ್ನ. ಥೇಟ್ ನಿನ್ನ ಮುಖಾನೇ."

"ನನ್ನದಾ!"

"ಮತ್ತಿನ್ಯಾರದು? ಸಂಜೆ ಬರ್ತೀಯ, ಹಾಲ್ ತುಂಬ ಸಾಮಾನು ಹರಡಿದ್ರೆ, ಬೈಯಲ್ಲ, ಏನೂ ಅನ್ನಲ್ಲ, ನೆಲ ನೋಡ್ಕೊಂಡು ನಿಂತ್ಕೋತೀಯಲ್ಲ, ಅದೇ ಮುಖ. ಅದಕ್ಕೇ ನಿನ್ನ ಚಪ್ಪಲಿ ಸದ್ದು ಕೆಳಗೆ ಕೇಳಿಸ್ತಿದ್ದ ಹಾಗೇ ನಾವಿಬ್ರೂ ಎದ್ದೆವೋ ಬಿದ್ದೆವೋ ಅಂತ ಎಲ್ಲಾ ಎತ್ತಿಡ್ತೀವಿ. ನಿಂಗೇನು ಗೊತ್ತು, ಓಡಾಡಿ ಓಡಾಡಿ ನನ್ನ ಮಂಡಿ ಹಾಳಾಗಿ ಹೋಯ್ತು."

ಫೋನು ಇಟ್ಟ ಮೇಲೂ ಅವಳು ಮೆಟ್ಟಿಲ ಮೇಲೆಯೇ ಕುಳಿತಿದ್ದಳು. ಕೆಳಗಿನ ಅಂಗಡಿಯಲ್ಲಿ ಯಾರೋ ಒಂದು ಟೈಲನ್ನು ಬೆರಳ ಗೆಣ್ಣಿನಿಂದ ಬಡಿದು ಬಡಿದು ನೋಡುತ್ತಿದ್ದರು. ಮೊದಲು ಬಂದದ್ದು ಅವಮಾನ. ತಾನು ಒಳ್ಳೆಯವಳು, ಬೈಯದವಳು, ಮಗುವಿನ ಮೇಲೆ ಒಂದು ದಿನವೂ ಕೈ ಎತ್ತದವಳು ಎಂದು ಎಷ್ಟು ಬೀಗಿದ್ದಳು! ಸಂಜೆ ಸಂಜೆ ಅಚ್ಚುಕಟ್ಟಾದ ಮನೆಗೆ ಕಾಲಿಟ್ಟು, 'ಪರವಾಗಿಲ್ಲವೇ ನಮ್ಮನೆ' ಎಂದುಕೊಳ್ಳುವಾಗ ಬಾಗಿಲ ಹಿಂದೆ ಒಬ್ಬಳು ಮುದುಕಿ ಏದುಸಿರು ಅಡಗಿಸಿಕೊಂಡು ನಿಂತಿರುತ್ತಿದ್ದಳಲ್ಲ. ಮನೆಯಲ್ಲಿ ಎಲ್ಲರೂ ತನ್ನ ಮುಂದೆ ಹಸಿರು ಒತ್ತುತ್ತಿದ್ದರು. ಮಗಳ ಮುಂದೆ ತಾಯಿಯೂ! ತಾನು ತಾಯಿಯ ಮುಂದೆ ಒತ್ತುತ್ತ ಬಂದ ಹಾಗೆಯೇ. ಯಾರ ಮುಖ ಯಾರಿಂದ ಬಂದದ್ದು, ಅಮ್ಮನದು ಅವಳಿಗೆ ಬಂತೋ, ಇಲ್ಲ ಚಿಕ್ಕಂದಿನಿಂದ ಅವಳ ಸಪ್ಪೆ ಮುಖ ನೋಡಿ ನೋಡಿ ಅಮ್ಮನಿಗೇ ಅಂಟಿತೋ, ಯಾರು ಹೇಳಬೇಕು? ಯೋಚಿಸುತ್ತ ಹೋದ ಹಾಗೆ ಅವಮಾನದ ಅಡಿಯಿಂದ ಬೇರೇನೋ ಎದ್ದು ಬಂತು. ಮಂಡಿ ಹಾಳಾಯಿತೆಂಬ ಮಾತು ನೆನಪಾಗಿ ನಗು ಒತ್ತರಿಸಿಕೊಂಡು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೇಲಿನಿಂದ ದೊರೆ ಕೂಗುತ್ತಿದ್ದ, ಬಂದರಂತೆ, ಬೇಗ ಬರಬೇಕಂತೆ.

ಬಂದವರು ಇಬ್ಬರು. ಒಬ್ಬರು ಹಿರಿಯ ಹೆಡ್‌ಮಿಸ್, ಚೀಲವನ್ನು ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡಿದ್ದರು. ಇನ್ನೊಬ್ಬ ಅವರ ಜೊತೆಯವನು, ಬಂದಾಗಿನಿಂದ ಬರೆದುಕೊಳ್ಳುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ದೊರೆ ಚೆನ್ನಾಗಿಯೇ ಮಾತಾಡಿದ, ಅವನಿಗೆ ಆ ಕಲೆ ಉಂಟು. ಗುಂಡುಮರಿ ಪರದೆಯ ಮೇಲೆ ಕುಣಿಯಿತು, ಸಪ್ಪಗಾಯಿತು, ಕುಣಿಯಿತು. ಆಮೇಲೆ ಚಿಣ್ಣಿಯ ಹಸಿರು ಸಾಲುಗಳು ಬಂದವು. ಗೋಡೆಯಷ್ಟು ಅಗಲಕ್ಕೆ ಹಬ್ಬಿದ ಆ ಹಸಿರನ್ನು ಅವಳು ಸಾಲು ಸಾಲಾಗಿ ನೋಡಿದಳು. ಅಷ್ಟೂ ಹಸಿರು ಒಬ್ಬಳು ಪುಟ್ಟ ಹುಡುಗಿಯ ಮರುಕ. ಪಾಪ, ಪಾಪ, ಪಾಪ ಎಂದು ಒತ್ತಿದ ಬೆರಳು. "ಇದು ಬೇರೆ ಯಾರದ್ದೋ ಅಲ್ಲ, ನಮ್ಮ ಚಿತ್ರಕಾರ್ತಿಯವರ ಮಗಳದ್ದೇ" ಎಂದ ದೊರೆ. "ತಾಯಿಯಾಗಿ ಅವರೇ ಎರಡು ಮಾತು ಹೇಳ್ತಾರೆ." ಅವಳು ಎದ್ದು ನಿಂತಳು. ಹೇಳಬೇಕಾದ ಮಾತು ಬಾಯಿಪಾಠವಾಗಿತ್ತು. ದೊರೆಯ ಮುಖದಲ್ಲಿ ಆಸೆ ಎಷ್ಟು ತುಂಬಿಕೊಂಡಿತ್ತೆಂದರೆ, ಕಲಿತದ್ದನ್ನೇ ಹೇಳಿಬಿಟ್ಟು ಕುಳಿತುಬಿಡೋಣ, ಇವನದ್ಯಾಕೆ ಮುಖ ಕೆಡಿಸಬೇಕು ಎನ್ನಿಸಿತು. ಹೇಳಿದರೆ ಕೆಲಸ ಉಳಿಯುತ್ತದೆ, ಚಪ್ಪಾಳೆಯೂ ಉಳಿಯುತ್ತದೆ. ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಹೆಡ್‌ಮಿಸ್ ಚೀಲವನ್ನು ಒಂದಿಷ್ಟು ಸರಿಸಿಕೊಂಡು, ಸುಮ್ಮನೆ, ಬೀದಿಯಲ್ಲಿ ಸಿಕ್ಕವರನ್ನು ಕೇಳುವ ಹಾಗೆ ಕೇಳಿದರು: "ನಿಜವಾಗ್ಲೂ ಇಷ್ಟೆಲ್ಲಾ ಮಾಡ್ತಾಳೇನಮ್ಮ ನಿಮ್ಮ ಮಗಳು?"

"ಇಲ್ಲ" ಎಂದಳು.

ಅಷ್ಟೇ. ಆ ಮಾತಿನ ಹಿಂದೆ 'ಆದರೆ' ಬರಲಿಲ್ಲ, 'ಹಾಗಲ್ಲ' ಬರಲಿಲ್ಲ. ಇಷ್ಟು ವಯಸ್ಸಿಗೆ ಬಂದು ಅವಳು ಅದೇ ಮೊದಲ ಸಲ ಒಂದು ಬರಿಯ 'ಇಲ್ಲ'ವನ್ನು ಹೇಳಿ ಅದನ್ನು ಹಾಗೇ ಬಿಟ್ಟಿದ್ದಳು. ದೊರೆಯ ಮುಖ ಬಿತ್ತು. ಅವನಿಗೆ ಗುಂಡುಮರಿಯ ಕಿವಿ ಇದ್ದಿದ್ದರೆ ಅವೂ ಬೀಳುತ್ತಿದ್ದವು. ಅವಳು ನೋಡಿದಳು, ಬೀಳಲಿ ಎಂದು ಬಿಟ್ಟಳು, ಆಮೇಲೆ ಎಲ್ಲವನ್ನೂ ಹೇಳಿದಳು: ಒಣಗಿದ ಬ್ರಷ್ಷು, ಪಾಪ ಎಂದು ಒತ್ತುವ ಮಗಳು, ಅವಳು ಮರೆತರೆ ಒತ್ತುವ ಅಜ್ಜಿ. ಹೇಳುತ್ತಿರುವಾಗಲೇ ಇನ್ನೊಂದು ಹೊಳೆದು ಅದನ್ನೂ ಹೇಳಿಬಿಟ್ಟಳು. "ನಾವೆಲ್ಲ ಸೇರಿ ಇಷ್ಟು ದಿನ ಕೂತು ಕಟ್ಟಿದ್ವಿ. ಮಾಡಿದೆ ಅನ್ನೋಕೆ ಗುಂಡಿ ಇಟ್ವಿ. ಮಾಡಿಲ್ಲ ಅನ್ನೋಕೆ ಗುಂಡೀನೇ ಇಟ್ಟಿಲ್ಲ. ಮಗು ತಾನೇ ಏನು ಮಾಡುತ್ತೆ?" ಬರೆದುಕೊಳ್ಳುತ್ತಿದ್ದವನ ಪೆನ್ನು ನಿಂತಿತು. ಹೆಡ್‌ಮಿಸ್ ಕನ್ನಡಕ ತೆಗೆದರು. ಅಳುತ್ತಾರೋ ಎಂದುಕೊಳ್ಳುವಷ್ಟರಲ್ಲಿ ನಗತೊಡಗಿದರು, ಚೀಲ ಜಾರಿ ಬೀಳುವ ಹಾಗೆ ನಕ್ಕರು. "ಅಜ್ಜಿ ಒತ್ತುತ್ತಾರಾ? ಅಯ್ಯೋ ದೇವರೇ!" ಎಂದು ಕಣ್ಣೊರೆಸಿಕೊಂಡರು. "ನಮ್ಮ ಶಾಲೇಲಿ ನಾನು ಕ್ಲಾಸಿಗೆ ಹೋಗಿ ನಿಂತ್ರೆ ಸಾಕು, ಎಲ್ಲಾ ಮಕ್ಕಳೂ 'ಅರ್ಥ ಆಯ್ತು ಮಿಸ್' ಅಂತಾವೆ. ಒಂದಕ್ಕೂ ಅರ್ಥ ಆಗಿರಲ್ಲ. ಈ ಮುಖ ಇದೆಯಲ್ಲ, ಇದರ ಪ್ರಭಾವ." ಹೊರಡುವಾಗ ದೊರೆಗೆ ಹೇಳಿದರು: "ಆ ಜೋಲು ಮುಖ ತೆಗೀರಿ. ಮಗು 'ಇಲ್ಲ' ಅಂದ್ರೂ ಕೂತು ಕೇಳುವಂಥ ಮುಖ ಹಾಕ್ಕೊಂಡು ಬನ್ನಿ. ಆಮೇಲೆ ನೋಡೋಣ."

ಅವರು ಮೆಟ್ಟಿಲಿಳಿದ ಸದ್ದು ಪೂರ್ತಿ ನಿಲ್ಲುವವರೆಗೂ ದೊರೆ ಕಾದ. "ಮಾನ ಹರಾಜು ಹಾಕಿದ್ರಲ್ಲ ರೀ!" ಎಂದ. "ಒಂದು ಮಾತು, ಮೊದಲೇ ನನಗೊಂದು ಮಾತು ಹೇಳಬಾರದಿತ್ತಾ?" ಅದು ನ್ಯಾಯವಾದ ಪ್ರಶ್ನೆ. "ಹೇಳಬೇಕಿತ್ತು. ಧೈರ್ಯ ಬರಲಿಲ್ಲ" ಎಂದಳು. ದೊರೆ ಆ ಕಡೆ ಈ ಕಡೆ ಓಡಾಡಿದ, ನೀರು ಕುಡಿದ, ಕೈಯಿರುವ ಕುರ್ಚಿಯಲ್ಲಿ ಕುಳಿತ, ಎದ್ದ. ಇನ್ನು ನಾಳೆಯಿಂದ ಬರಬೇಡಿ ಎನ್ನುತ್ತಾನೆಂದು ಅವಳು ಜೀವ ಕೈಯಲ್ಲಿ ಹಿಡಿದು ನಿಂತಿದ್ದಳು. "ಆ ಹೊಸ ಮುಖ ಯಾವತ್ತು ಕೊಡ್ತೀರಾ?" ಎಂದ. "ಗೊತ್ತಿಲ್ಲ" ಎಂದಳು. "ಗೊತ್ತಿಲ್ಲ ಅಂದ್ರೆ? ಸುಮಾರಾಗಿ ಒಂದು ದಿನ ಹೇಳಿ." "ಗೊತ್ತಿಲ್ಲ ಸಾರ್. ಅಂಥ ಮುಖ ನಾನು ಇನ್ನೂ ಎಲ್ಲೂ ನೋಡಿಲ್ಲ." ದೊರೆ "ಸರಿ, ನೋಡಿದಾಗ ಹೇಳಿ, ಇನ್ನೇನು ಮಾಡ್ಲಿ" ಎಂದು ಗೊಣಗಿಕೊಂಡು ಪ್ರೊಜೆಕ್ಟರಿನ ವಯರು ಸುತ್ತತೊಡಗಿದ. ಅವನ ಸಿಟ್ಟು ಅಲ್ಲೇ ಇತ್ತು, ಇವಳೂ ಅಲ್ಲೇ ಇದ್ದಳು, ಛಾವಣಿಯೇನೂ ಕುಸಿದು ಬೀಳಲಿಲ್ಲ. ಇಷ್ಟೇನಾ? ಇಷ್ಟಕ್ಕಾ ತಾನು ಇಷ್ಟು ವರ್ಷ ಹೆದರಿದ್ದು? ಸಂಜೆಯವರೆಗೂ ಕನ್ನಡಿಯ ಮುಂದೆ ಕುಳಿತು ಬಗೆಬಗೆಯಾಗಿ ಮುಖ ಮಾಡಿ ನೋಡಿದಳು. ಸುಮ್ಮನಿದ್ದರೆ ಜೋಲು ಮುಖ, ನಕ್ಕರೆ ಹಲ್ಲಿನ ಪೇಸ್ಟಿನ ಜಾಹೀರಾತು. ಕೂತು ಕೇಳುವ ಮುಖ ಬರಲೇ ಇಲ್ಲ. ಬರದಿದ್ದರೆ ಬೇಡವೆಂದು ಎಲ್ಲ ಮುಚ್ಚಿಟ್ಟು ಹೊತ್ತಿಗೆ ಮುಂಚೆಯೇ ಹೊರಟಳು.

ದಾರಿಯಲ್ಲಿ ಮೈ ಎಷ್ಟು ಹಗುರಾಗಿತ್ತೆಂದರೆ ಎರಡು ಸ್ಟಾಪು ಮೊದಲೇ ಇಳಿದು ನಡೆದಳು. ಸಂಜೆಯ ಬೀದಿ, ಅಂಗಡಿಯವರು ಮುಂಗಟ್ಟಿಗೆ ನೀರು ಚಿಮುಕಿಸುತ್ತಿದ್ದರು, ಒಬ್ಬಾತ ಸೈಕಲ್ಲಿಗೆ ಗಾಳಿ ಹೊಡೆಯುತ್ತ ಮಗನಿಗೆ ಬೈಯುತ್ತಿದ್ದ, ಮಗ ಎದುರುತ್ತರ ಕೊಡುತ್ತಿದ್ದ, ಇಬ್ಬರೂ ಚೆನ್ನಾಗಿದ್ದರು. ಮನೆಯ ಕೆಳಗೆ ಬಂದಾಗ ಎಂದಿನಂತೆ ಚಪ್ಪಲಿ ಸದ್ದು ಮಾಡುತ್ತ ಮೆಟ್ಟಿಲು ಹತ್ತಿದಳು, ಅರ್ಧಕ್ಕೆ ಬಂದು ಥಟ್ಟನೆ ನಿಂತಳು. ಮೇಲೆ, ಬಾಗಿಲ ಹಿಂದೆ, ಸ್ಟೂಲು ಎಳೆದ ಸದ್ದು. ಡಬ್ಬಿಗೆ ಏನೇನೋ ಸುರಿದ ಸದ್ದು. "ಬೇಗ ಬೇಗ" ಎಂಬ ಪಿಸುಮಾತು, ಅದಕ್ಕೆ "ತಾಳೇ, ಮಂಡಿ ಮಂಡಿ" ಎಂಬ ಇನ್ನೊಂದು ಪಿಸುಮಾತು. ದಿನವೂ ಇದು ನಡೆಯುತ್ತಿತ್ತು, ದಿನವೂ ಅವಳು ತನ್ನ ಚಪ್ಪಲಿಯ ಸದ್ದಿನಲ್ಲೇ ಅದನ್ನು ಕೇಳದೆ ಹತ್ತಿ ಬಂದಿದ್ದಳು. "ಎತ್ತಿಡಬೇಡಿ!" ಎಂದು ಅಲ್ಲಿಂದಲೇ ಕೂಗಿದಳು. "ಹಾಗೇ ಇರ್ಲಿ, ಏನೂ ಎತ್ತಿಡಬೇಡಿ!" ಒಳಗೆ ಗಪ್‌ಚಿಪ್. ಬಾಗಿಲು ತೆರೆದರೆ ಅಮ್ಮ ಬಗಲಲ್ಲೊಂದು ದಿಂಬು, ಕೈಯಲ್ಲೊಂದು ತಲೆಕೆಳಗಾದ ಗೊಂಬೆ ಹಿಡಿದು ಕಳ್ಳನ ಹಾಗೆ ನಿಂತಿದ್ದಳು. ಚಿಣ್ಣಿ ಬಣ್ಣದ ಪೆನ್ಸಿಲುಗಳನ್ನೆಲ್ಲ ಲಂಗದಲ್ಲಿ ಕಟ್ಟಿಕೊಂಡಿದ್ದಳು. ಇಬ್ಬರೂ ನೋಡುತ್ತಿದ್ದುದು ಅವಳ ಮುಖವನ್ನೇ.

ಅವಳು ಚೀಲ ಕೆಳಗಿಟ್ಟು, ಹರಡಿದ ಸಾಮಾನುಗಳ ನಡುವೆ ಒಂದಿಷ್ಟು ಜಾಗ ಮಾಡಿಕೊಂಡು ನೆಲದ ಮೇಲೆ ಕುಳಿತಳು. "ಬಾ ಇಲ್ಲಿ" ಎಂದು ಮಗಳನ್ನು ಎದುರಿಗೆ ಕೂರಿಸಿಕೊಂಡಳು. "ಚಿಣ್ಣಿ, ಬೆಳಿಗ್ಗೆ ಹಲ್ಲುಜ್ಜಿದ್ಯಾ?" ಎಂದು ಕೇಳಿದಳು. ಮಗಳು ತಕ್ಷಣ ಉತ್ತರ ಕೊಡಲಿಲ್ಲ. ಮೊದಲು ಅವಳ ತುಟಿ ನೋಡಿದಳು, ಆಮೇಲೆ ಕಣ್ಣು, ಮತ್ತೆ ತುಟಿ. ಮೋಡ ಕವಿದಿದೆಯೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ಆಕಾಶ ನೋಡುವವರ ಹಾಗೆ ನೋಡಿದಳು. ತನ್ನ ಮುಖ ಈಗ ಹೇಗಿದೆಯೋ ಅವಳಿಗೆ ತಿಳಿಯದು, ತಿಳಿಯುವ ದಾರಿಯೂ ಇರಲಿಲ್ಲ. ಹಗಲೆಲ್ಲ ಹುಡುಕಿದರೂ ಸಿಗದಿದ್ದ ಮುಖವನ್ನು ಈಗ ಈ ಕ್ಷಣ ಎಲ್ಲಿಂದ ತರಬೇಕು? ತರಲಿಲ್ಲ. ಇದ್ದದ್ದು ಇದ್ದ ಹಾಗೆ ಇರಲೆಂದು ಸುಮ್ಮನೆ ಕಾದಳು, ಕೇಳಬೇಕು ಎಂಬುದೊಂದೇ ಆಸೆಯಿಟ್ಟುಕೊಂಡು. ಇವಳು ಈಗ 'ಹೂಂ' ಎಂದುಬಿಟ್ಟರೆ ಮುಗಿಯಿತು, ಇನ್ನು ಜೀವಮಾನವಿಡೀ ಹೂಂ ಅನ್ನುತ್ತಲೇ ಇರುತ್ತಾಳೆ ಎಂಬ ಭಯವಿತ್ತು.

"ಇಲ್ಲ" ಎಂದಳು ಚಿಣ್ಣಿ, ತೀರಾ ಸಣ್ಣ ದನಿಯಲ್ಲಿ. ಹೇಳಿ ಮತ್ತೆ ಮುಖ ನೋಡಿದಳು. ಏನು ಕಂಡಳೋ, ದನಿ ಒಂದು ಮೆಟ್ಟಿಲು ಮೇಲೇರಿತು. "ನಿನ್ನೇನೂ ಇಲ್ಲ." ಆಮೇಲೆ ತಡೆಯೇ ಇಲ್ಲ. "ಮೊನ್ನೇನೂ ಇಲ್ಲ! ಕೈಕಾಲು ತೊಳ್ದಿಲ್ಲ! ಚೀಲ ಜೋಡಿಸಿದೆ ಅಂತ ಒತ್ತಿದ್ನಲ್ಲ, ಅದೂ ಇಲ್ಲ, ಅಜ್ಜಿ ಜೋಡಿಸಿದ್ದು! ಉಗುರೂ ಕತ್ತರಿಸಿಲ್ಲ, ನೋಡು!" ಎಂದು ಹತ್ತೂ ಬೆರಳು ಮುಂದೆ ಹಿಡಿದಳು, ಬಹುಮಾನ ಗೆದ್ದು ಬಂದವಳ ಹಾಗೆ. ಲಂಗದಲ್ಲಿದ್ದ ಪೆನ್ಸಿಲುಗಳು ಚೆಲ್ಲಾಪಿಲ್ಲಿಯಾಗಿ ಉರುಳಿದವು. ಅವಳಿಗೆ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು, ಮಗಳನ್ನು ಬರಸೆಳೆದು ಅಪ್ಪಿಕೊಂಡಳು. ಆ ಉಜ್ಜದ ಬಾಯಿ ಅವಳ ಕಿವಿಯ ಹತ್ತಿರ ಕೇಳಿತು. "ನೀನು? ನೀನೇನು ಮಾಡಿಲ್ಲ?"

"ನಾನಾ?" ಎಂದಳು. ನಾನು ಎಲ್ಲ ಮಾಡಿದೀನಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿಕೊಂಡು ತಲೆಯೆತ್ತಿ ಅಮ್ಮನ ಕಡೆ ನೋಡಿದಳು. "ನಾನು ಊಟ ಮಾಡಿಲ್ಲ. ನೀನು ಕಟ್ಟಿಕೊಟ್ಟ ಡಬ್ಬೀಲಿ ಎರಡು ತುತ್ತು ತಿಂದು ಹಾಗೇ ತಂದಿದೀನಿ, ಅಮ್ಮ. ಉಪ್ಪು ಜಾಸ್ತಿಯಾಗಿತ್ತು. ದಿನಾನೂ ಜಾಸ್ತಿ ಇರುತ್ತೆ."

ಅಮ್ಮನ ಮುಖ ಬಿತ್ತು. ಕೆಳತುಟಿ ಒಂಚೂರು ಒಳಗೆ ಹೋಯಿತು, ಕಣ್ಣು ಅವಳನ್ನು ಬಿಟ್ಟು ಅವಳ ಪಾದದ ಹತ್ತಿರ ಇಳಿಯಿತು. ಹುಟ್ಟಿದಾಗಿನಿಂದ ನೋಡಿದ ಮುಖ. ಅದು ಹೀಗೆ ಬಿದ್ದಾಗಲೆಲ್ಲ ಅವಳು ಓಡಿಹೋಗಿದ್ದಳು. ಏನೋ ಒಂದು ಹೇಳಿ, ಹಾರಿ ಕುಣಿದು, ಸರಿಮಾಡಿ ಓಡಿಹೋಗಿದ್ದಳು. ಇವತ್ತು ಓಡಲಿಲ್ಲ. ಮಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತ ಕುಳಿತಳು. ಮುಖ ಕೆಳಗೇ ಇತ್ತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದರಲ್ಲಿ ಏನೋ ಮಿಸುಕಿತು. ತುಟಿ ಸದ್ದಿಲ್ಲದೆ ಆಡಿತು, ಕಣ್ಣು ನೆಲದಿಂದ ಎದ್ದು ಅಡುಗೆಮನೆಯ ಕಡೆ ಹೋಯಿತು, ಹುಬ್ಬು ಗಂಟಿಕ್ಕಿ ಬಿಟ್ಟಿತು. ಅಮ್ಮ ನೊಂದಿದ್ದಳು, ಅದೇನೋ ನಿಜ. ಆದರೆ ನೋವು ಆಗಲೇ ಅರ್ಧ ದಾರಿ ದಾಟಿತ್ತು. ಅಮ್ಮ ಈಗ ಒಲೆಯ ಮೇಲೆ ಏನಿದೆ, ಏನು ಮಾಡಿದರೆ ಬೇಗ ಆಗುತ್ತದೆ ಎಂದು ಯೋಚಿಸುತ್ತಿದ್ದಳು. ಈ ಮುಖ ಇಲ್ಲಿಗೆ ಬಂದು ಮುಟ್ಟುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಇಷ್ಟು ಹೊತ್ತು ಅವಳು ಎಂದೂ ಕಾದಿರಲಿಲ್ಲ.

"ಉಪ್ಪು ಜಾಸ್ತಿ ಆಗ್ತಿದ್ರೆ ಇಷ್ಟು ವರ್ಷ ಬಾಯಿಗೇನಾಗಿತ್ತು ನಿಂಗೆ?" ಎಂದಳು ಅಮ್ಮ. ಗೊಂಬೆಯನ್ನು ದಿಂಬಿನ ಮೇಲೆ ಒಗೆದು, ಮಂಡಿ ಹಿಡಿದುಕೊಂಡು ಒಳಗೆ ಹೊರಟಳು. "ಏಳು, ಬಿಸಿಯಾಗಿ ಏನಾದ್ರೂ ಮಾಡ್ತೀನಿ. ಬಂದು ಉಪ್ಪು ನೀನೇ ಹಾಕು."

"ಎಲ್ಲಿದೆಯಮ್ಮ ಉಪ್ಪು?" ಎಂದು ಕೇಳುತ್ತ ಅವಳು ಎದ್ದಳು.